ಕುದುರೆಯಾಳಿನ ಬಲ ಹೆಗಲು

ಸೋಮವಾರ, ಹನ್ನೊಂದನೇ ತಾರೀಖು
ಊಟವಾದ ಮೇಲೆ

ಮುದ್ದು ಗುಬ್ಬಿಗೆ,

ಸಮಸ್ತ ನಾಗರಿಕರಿಗೂ, ವಿಶೇಷವಾಗಿ ಬಂದರಿನ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಯ ನೆಪ ಹೇಳಿ ಮನೆ ಬಿಟ್ಟಿರುವ ನಮ್ಮ ಏಕೈಕ ಪುತ್ರಿಗೂ ಈ ಮೂಲಕ ಘನವಾಗಿ ಘೋಷಿಸುವುದೇನೆಂದರೆ: ನಮ್ಮ ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ನೀನು ಹೈಸ್ಕೂಲಿನಲ್ಲಿದ್ದಾಗಿನಿಂದ ಹಗಲಿರುಳು ತೊಟ್ಟಿಕ್ಕುತ್ತ, ನನ್ನ ಅದೆಷ್ಟೋ ಅಂಕಣಗಳಿಗೆ ತಾಳ ಹಾಕಿದ ಆ ಐತಿಹಾಸಿಕ ನಲ್ಲಿ ಈಗ ತುಟಿ ಬಿಗಿದುಕೊಂಡು ಕೂತಿದೆ. ಇಷ್ಟು ದೊಡ್ಡ ಸುದ್ದಿಗೆ ನಿನ್ನ ಅಮ್ಮ ಮಾತ್ರ ಸಂಭ್ರಮಪಡುತ್ತಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಕ್ಷಮಾಪಣೆಗಳು. ಪತ್ರ ತಡವಾಯಿತು. ನಿನ್ನ ಲಾರಿ ಮಾವ ನಿಮ್ಮ ಊರಿನ ಕಡೆ ಲೋಡು ಹಾಕಿಕೊಂಡು ಹೊರಡುವುದನ್ನೇ ಕಾಯುತ್ತಿದ್ದೆ. ಇತ್ತೀಚೆಗೆ ಅಂಚೆಗೆ ಹಾಕಿದ ಪತ್ರಗಳಿಗೆ ಓದುಗರು ಜಾಸ್ತಿಯಾಗಿದ್ದಾರೆ, ಬರೆದವನಿಗೆ ಸಂಭಾವನೆ ಮಾತ್ರ ಜಾಸ್ತಿಯಾಗಿಲ್ಲ. ಎರಡನೆಯ ಕ್ಷಮೆ ಅಕ್ಷರದ ಬಗ್ಗೆ. ಸಾಲುಗಳು ಬೆಟ್ಟ ಹತ್ತಿ ಇಳಿಯುತ್ತಿರುವುದು ನೋಡಿ ಅಪ್ಪನಿಗೆ ಕೈ ನಡುಕ ಬಂತೆಂದು ಗಾಬರಿಯಾಗಬೇಡ. ಈಗ ನನ್ನ ಮೂಗಿನ ಮೇಲಿರುವುದು ನಿನ್ನ ಗಂಡನ ಕನ್ನಡಕ. ಒಂದು ಕೊಂಡರೆ ಇನ್ನೊಂದಕ್ಕೆ ಅರ್ಧ ಬೆಲೆ ಎಂದು ನೀನೇ ಇಬ್ಬರಿಗೂ ಒಂದೇ ಥರದ ಕಪ್ಪು ಚೌಕಟ್ಟು ಕೊಡಿಸಿದೆಯಲ್ಲ, ಅದರ ಫಲ. ಇದರಲ್ಲಿ ನೋಡಿದರೆ ನನ್ನ ಅಕ್ಷರಗಳು ನನ್ನನ್ನು ಬಿಟ್ಟು ದೂರ ಓಡುತ್ತಿರುವ ಇರುವೆಗಳ ಹಾಗೆ ಕಾಣುತ್ತವೆ.

ನೀನು ಹೋದಂದಿನಿಂದ ಅಳಿಯಂದಿರ ರಾತ್ರಿ ಊಟ ನಮ್ಮಲ್ಲೇ. ಸೇನೆಯ ಹೊಲಿಗೆ ಶಾಲೆಯಿಂದ ಸಂಜೆ ಬರುತ್ತಾನೆ, ಬೆರಳಿಗಂಟಿದ ಜರಿ ಚೂರುಗಳನ್ನು ಬಾಗಿಲ ಹೊರಗೇ ಕೊಡವುತ್ತಾನೆ, ಕೂತು ಉಣ್ಣುತ್ತಾನೆ. ನೀನು ಮನುಷ್ಯರನ್ನು ಹೊಲಿಯುವುದು ಕಲಿಯುತ್ತಿದ್ದೀಯ, ಅವನು ಮೇಜರುಗಳನ್ನೂ ಕರ್ನಲ್ಲುಗಳನ್ನೂ ಹೊಲಿಯುತ್ತಾನೆ. ಅವನ ಸೂಜಿ ನಾಲ್ಕು ಸುತ್ತು ಹೆಚ್ಚು ಸುತ್ತಿದರೆ ಒಬ್ಬನ ಹೆಗಲಿಗೆ ಬಡ್ತಿ. ಅಷ್ಟು ಅಧಿಕಾರ ಬೆರಳ ತುದಿಯಲ್ಲಿದ್ದೂ ವಾರಕ್ಕೆ ಮೂರು ಮಾತಾಡಿದರೆ ಅದೇ ಭಾಷಣ. ನಿನ್ನ ಅಮ್ಮನಂತೂ, "ಅಳಿಯಂದ್ರು ಇವತ್ತು 'ಸಾಕು' ಅಂದ್ರು ಕಣ್ರೀ" ಎಂದು ಪಕ್ಕದ ಮನೆಯವರಿಗೆ ವರದಿ ಒಪ್ಪಿಸುತ್ತಾಳೆ.

ಅಂಥವನು ಹೋದ ತಿಂಗಳ ಕೊನೆಯ ವಾರ ಒಂದು ರಾತ್ರಿ ತಟ್ಟೆಯಿಂದ ತಲೆಯೆತ್ತಿ ಕೇಳಿದ.

"ಮಾವ, ಮಾರ್ಷಲ್ ಅಂದ್ರೆ ಏನು?"

"ಏನು ಅಂದ್ರೆ?"

"ಅರ್ಥ. ಎಲ್ಲಿಂದ ಬಂತು ಆ ಹೆಸರು ಅಂತ."

ಗುಬ್ಬಿ, ನಿನ್ನ ಅಪ್ಪನ ಹುಚ್ಚು ನಿನಗೆ ಗೊತ್ತು. ಭಾನುವಾರದ ಪುರವಣಿಗೆ ಮರುದಿನವೇ ಅಂಕಣ ಕೊಡಬೇಕಿತ್ತು. ತಲೆ ಒಣಗಿದ ಬಾವಿಯಾಗಿತ್ತು. ಪದಗಳ ಹುಟ್ಟು ಹುಡುಕಿ ಹೊಟ್ಟೆ ಹೊರೆಯುವವನಿಗೆ ಊಟದ ಹೊತ್ತಲ್ಲಿ ಒಂದು ಪದ ತಾನಾಗಿ ಬಂದು ಮಡಿಲಿಗೆ ಬಿದ್ದರೆ ಸುಮ್ಮನಿರುತ್ತಾನೆಯೇ? ತಟ್ಟೆ ಬಿಟ್ಟು ಎದ್ದು ನಿಘಂಟುಗಳ ಕಪಾಟಿಗೆ ಹೋದೆ. "ಊಟ ಆರ್ತಿದೆ, ಆ ಪದ ಏನು ರೆಕ್ಕೆ ಕಟ್ಕೊಂಡು ಹಾರಿಹೋಗತ್ತಾ?" ಎಂದು ಅಮ್ಮ ಬೈದದ್ದು ಬೆನ್ನಿಗೆ ಬಿತ್ತು. ಅವನು ಯಾಕೆ ಕೇಳಿದ ಎಂದು ನಾನು ಕೇಳಲಿಲ್ಲ. ನಮ್ಮ ದೇಶದಲ್ಲಿ ಆಗ ಮಾರ್ಷಲ್ ಎಂಬ ಪ್ರಾಣಿಯೇ ಇರಲಿಲ್ಲವಲ್ಲ. ಅಂಗಡಿ ಅಂಗಡಿಯ ಗೋಡೆಯಲ್ಲೂ ಫೋಟೊ ಆಗಿ ನೇತಾಡುವವರು ಕೂಡ ಆವತ್ತಿಗೆ ಬರೀ ಜನರಲ್ಲೇ.

ಅಂಕಣದ ಪ್ರತಿ ನಿನಗೆ ಸಿಕ್ಕಿರಲಾರದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಸಿಗಲಿಲ್ಲ. ಆದ್ದರಿಂದ ಸಾರಾಂಶ ಹೇಳಿಬಿಡುತ್ತೇನೆ. ಹಳೆಯ ಜರ್ಮನ್ ಬುಡಕಟ್ಟುಗಳ ಮಾತಿನಲ್ಲಿ ಒಂದು ಪದಕ್ಕೆ ಕುದುರೆ ಎಂದು ಅರ್ಥ, ಇನ್ನೊಂದಕ್ಕೆ ಆಳು ಎಂದು. ಎರಡೂ ಸೇರಿ, ಫ್ರೆಂಚರ ಬಾಯಲ್ಲಿ ಉರುಳಿ ನುಣುಪಾಗಿ, ಮಾರ್ಷಲ್ ಆಯಿತು. ಅಂದರೆ ಕುದುರೆಯಾಳು. ರಾಜನ ಲಾಯದಲ್ಲಿ ಹುಲ್ಲು ಹಾಕಿ, ಮೈ ಉಜ್ಜಿ, ಲದ್ದಿ ಎತ್ತುತ್ತಿದ್ದವನು. ಯುದ್ಧಕ್ಕೆ ಕುದುರೆ ಬೇಕು. ಕುದುರೆ ಬೇಕಾದರೆ ಇವನನ್ನು ಕೇಳಬೇಕು. ಹೀಗೆ ಕೇಳಿ ಕೇಳಿ ಇವನು ಕುದುರೆಗಳಿಗೂ, ಆಮೇಲೆ ಕುದುರೆಯ ಮೇಲೆ ಕೂತವರಿಗೂ, ಕೊನೆಗೆ ಇಡೀ ಸೈನ್ಯಕ್ಕೂ ಯಜಮಾನನಾದ. ಫ್ರೆಂಚರು ಈಗಲೂ ಲಾಳ ಹೊಡೆಯುವವನಿಗೆ ಅದೇ ಪದವನ್ನು ಬಾಲ ಸೇರಿಸಿ ಬಳಸುತ್ತಾರೆ. ಇನ್ನೊಂದು ತಮಾಷೆ ನೋಡು, ನಮ್ಮ ನಾಲ್ಕು ರಸ್ತೆ ಕೂಡುವಲ್ಲಿ ಸೀಟಿ ಊದುವ ಕಾನ್‌ಸ್ಟೇಬಲ್ ಇದ್ದಾನಲ್ಲ, ಆ ಪದದ ಮೂಲವೂ ಲಾಯವೇ, ಲ್ಯಾಟಿನ್ನಿನಲ್ಲಿ ಲಾಯದ ಅಧಿಕಾರಿ ಎಂದು. "ಒಂದೇ ಲಾಯದಿಂದ ಹೊರಟ ಇಬ್ಬರಲ್ಲಿ ಒಬ್ಬ ಸೇನೆಯ ತುದಿಗೇರಿದ, ಇನ್ನೊಬ್ಬ ಬಿಸಿಲಲ್ಲಿ ನಿಂತ. ಆದ್ದರಿಂದ ಓದುಗರೇ, ಯಾರಾದರೂ ಮಾರ್ಷಲ್ ಎದುರಾದರೆ ಹೆದರಬೇಡಿ, ಒಂದು ಹಿಡಿ ಹುಲ್ಲು ಕೊಟ್ಟು ಕುದುರೆ ಕ್ಷೇಮವೇ ಎಂದು ವಿಚಾರಿಸಿ" ಎಂದು ಮುಗಿಸಿದ್ದೆ. ಬರೆದಾಗ ನನಗೇ ನಗು ತಡೆಯಲಾಗಿರಲಿಲ್ಲ.

ಈಗ ನಮ್ಮ ಪತ್ರಿಕೆಯ ಒಂದು ಪದ್ಧತಿ ನಿನಗೆ ನೆನಪಿರಬೇಕು. ಭಾನುವಾರದ ಪುರವಣಿ ಭಾನುವಾರದ್ದಲ್ಲ. ಅಚ್ಚಿನಮನೆಯ ಯಂತ್ರಕ್ಕೆ ಒಂದೇ ದಿನ ಎರಡು ಭಾರ ಹೊರುವ ಶಕ್ತಿ ಇಲ್ಲವಾದ್ದರಿಂದ ಅದು ಗುರುವಾರವೇ ಅಚ್ಚಾಗಿ, ಕಟ್ಟು ಕಟ್ಟಾಗಿ ಊರೂರಿಗೆ ಹೊರಟುಹೋಗುತ್ತದೆ. ಭಾನುವಾರ ಬೆಳಿಗ್ಗೆ ಏಜೆಂಟರು ಅದನ್ನು ಸುದ್ದಿಯ ಹಾಳೆಗಳ ಹೊಟ್ಟೆಯೊಳಗೆ ತುರುಕಿ ಹಂಚುತ್ತಾರೆ. ಅಂದರೆ ನಮ್ಮ ಓದುಗರು ತಾಜಾ ಎಂದು ಓದುವ ನಗೆಗೆಲ್ಲ ಮೂರು ದಿನದ ವಯಸ್ಸು.

ಶನಿವಾರ ಸಂಜೆ ನಾವು ಮೂವರೂ ಟೀ ಕುಡಿಯುತ್ತಿದ್ದಾಗ ರೇಡಿಯೋದಲ್ಲಿ ಹಾಡು ನಿಂತು ಬ್ಯಾಂಡು ಶುರುವಾಯಿತು. ದೇಶದ ಜನರ ಒತ್ತಾಯಕ್ಕೆ ಮಣಿದು ಜನರಲ್ ಸಾಹೇಬರು ಇಂದಿನಿಂದ ಮಾರ್ಷಲ್ ಎಂಬ ಪರಮ ಪದವಿಯನ್ನು ಸ್ವೀಕರಿಸಿದ್ದಾರೆ, ತಿಂಗಳ ಕೊನೆಯ ಭಾನುವಾರ ಹೊಸ ಸಮವಸ್ತ್ರದಲ್ಲಿ ಸೇನಾ ಮೆರವಣಿಗೆಗೆ ದರ್ಶನ ಕೊಡುತ್ತಾರೆ ಎಂದು ಪ್ರಕಟಣೆ. ನಾನು ಯಾವಾಗ ಒತ್ತಾಯ ಮಾಡಿದೆನೆಂದು ನೆನಪಿಸಿಕೊಳ್ಳುತ್ತಿದ್ದೆ. ಆಮೇಲೆ, ನಿನ್ನ ಅಪ್ಪನ ಬುದ್ಧಿ ನೋಡು, ಖುಷಿಯಿಂದ ತೊಡೆ ತಟ್ಟಿದೆ. "ಅಳಿಯಂದ್ರೇ, ನಾಳೆ ನನ್ನ ಅಂಕಣ ಬರುತ್ತೆ. ಇಂಥ ಅದೃಷ್ಟ ಎಷ್ಟು ಜನ ಬರಹಗಾರರಿಗೆ ಸಿಗುತ್ತೆ ಹೇಳಿ?"

ಅವನು ಲೋಟ ಕೆಳಗಿಟ್ಟ. ಗೋಡೆಯ ಬಣ್ಣಕ್ಕೂ ಅವನ ಮುಖಕ್ಕೂ ವ್ಯತ್ಯಾಸ ಉಳಿದಿರಲಿಲ್ಲ.

"ಪುರವಣಿ ಅಚ್ಚಾಗಿದೆಯಾ ಮಾವ?"

"ಗುರುವಾರವೇ."

ಅವನು ಎದ್ದು ಅಡುಗೆಮನೆಗೆ ಹೋಗಿ ಸೋರುವ ನಲ್ಲಿಯ ಕೆಳಗೆ ಕೈ ತೊಳೆದ. ಬಹಳ ಹೊತ್ತು ತೊಳೆದ. ಆಗ ಅಮ್ಮನಿಗೆ ಹೊಳೆಯಿತು. ನನಗೆ ಹೊಳೆದದ್ದು ಅಮ್ಮ ನನ್ನ ಮುಖ ನೋಡಿದ ಮೇಲೆ. ಆ ಪದವಿಯ ಭುಜಪಟ್ಟಿ ಯಾರದೋ ಸೂಜಿಯಲ್ಲಿ ಮೂಡಬೇಕಲ್ಲ? ಯಾರಿಗೂ ಹೇಳುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿಕೊಂಡೇ ಕೆಲಸ ಕೊಟ್ಟಿದ್ದರಂತೆ. ಅವನು ಯಾರಿಗೂ ಹೇಳಿರಲಿಲ್ಲ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ದಿನವಿಡೀ ಬಗ್ಗಿ ಕೂತು, ತಾನು ಹೊಲಿಯುತ್ತಿರುವುದು ಏನೆಂದು ತಿಳಿಯುವ ಆಸೆಯಾಗಿ, ಅರ್ಥ ಕೇಳಿದ್ದ. ಅಷ್ಟೇ.

ನಾನು ಅಚ್ಚಿನಮನೆಗೆ ಓಡಿದೆ. ಓಡಿದೆ ಅಂದರೆ ನನ್ನ ವಯಸ್ಸಿನವರು ಓಡುವ ಹಾಗೆ. ಮೇಸ್ತ್ರಿ ಎಣ್ಣೆ ಕೈ ಒರೆಸಿಕೊಳ್ಳುತ್ತ, "ಕಟ್ಟು ಹೊರಟು ಎರಡು ದಿನ ಆಯ್ತಲ್ಲ ಸ್ವಾಮಿ, ಈಗ ಎಲ್ಲಿ ಹಿಡಿಯೋದು?" ಎಂದ. ಭಾನುವಾರ ಬೆಳಿಗ್ಗೆ ಮುಖಪುಟದ ತುಂಬ ಮಾರ್ಷಲ್ ಸಾಹೇಬರ ಫೋಟೊ, ಒಳಗೆ ಪುರವಣಿಯಲ್ಲಿ ನಿನ್ನ ಅಪ್ಪನ ಹುಲ್ಲು. ಊರು ಬಾಗಿಲು ಹಾಕಿಕೊಂಡು ನಕ್ಕಿತು. ಕ್ಷೌರದಂಗಡಿಯವನು ನನ್ನನ್ನು ನೋಡಿ ಕುದುರೆಯ ಹಾಗೆ ಒಮ್ಮೆ ಕೆನೆದು ತಕ್ಷಣ ಕೆಮ್ಮಿದ. ಮಧ್ಯಾಹ್ನ ಉಳಿದ ಪ್ರತಿಗಳನ್ನು ಬಾಚಿಕೊಳ್ಳಲು ಏಜೆಂಟರ ಮನೆಗಳಿಗೆ ಜೀಪು ಹೋಯಿತು. ಸಂಜೆ ಅದೇ ಕ್ಷೌರದಂಗಡಿಯವನು ನನ್ನನ್ನು ಕಂಡು ಒಳಗೆ ಹೋದ.

ಮರುದಿನ ಸೋಮವಾರ ನಲ್ಲಿ ರಿಪೇರಿಯವನು ಬಂದ. "ಕರೆದಿದ್ರಂತೆ" ಎಂದ. ನಾನು ಅಮ್ಮ ಕರೆದಳೆಂದುಕೊಂಡೆ, ಅಮ್ಮ ನಾನು ಕರೆದೆನೆಂದುಕೊಂಡಳು. ಇಷ್ಟು ವರ್ಷ ಕರೆದಾಗ ಬಾರದ ಜಾತಿ, ಕರೆಯದೆ ಬಂದಾಗಲೇ ನಮಗೆ ಗೊತ್ತಾಗಬೇಕಿತ್ತು. ಒಳ್ಳೆಯ ಕೆಲಸಗಾರ, ಅದನ್ನು ಒಪ್ಪಬೇಕು. ಹೊಸ ವಾಷರ್ ಹಾಕಿ ನಲ್ಲಿಯನ್ನು ಮೂಕ ಮಾಡಿದ. ಆಮೇಲೆ ಪೈಪು ನೋಡಬೇಕೆಂದು ಮಲಗುವ ಕೋಣೆಗೂ ಹೋದ. ಅಲ್ಲಿ ಪೈಪು ಇಲ್ಲ. ತಟ್ಟೆ ಒಣಗಿಸುವ ಜಾಲರಿಯ ಮುಂದೆ ಸ್ವಲ್ಪ ನಿಂತು, "ಮನೇಲಿ ಎಷ್ಟು ಜನ ಅಮ್ಮ?" ಎಂದು ಕೇಳಿದನಂತೆ. ಇಬ್ಬರು ಎಂದಳಂತೆ. ಜಾಲರಿಯಲ್ಲಿ ಒಣಗುತ್ತಿದ್ದ ತಟ್ಟೆಗಳು ಮೂರು. ಹೋಗುವಾಗ ದುಡ್ಡು ಬೇಡ ಎಂದ. ದುಡ್ಡು ಬೇಡವೆನ್ನುವ ನಲ್ಲಿ ರಿಪೇರಿಯವನನ್ನು ಈ ಜನ್ಮದಲ್ಲಿ ನೋಡಿಬಿಟ್ಟೆ.

ಮಂಗಳವಾರ ನನಗೆ ಕರೆ ಬಂತು. ಪೇಟೆಯ ಹಿಂದೆ ಹಳೇ ವಿಮಾ ಕಚೇರಿ ಇತ್ತಲ್ಲ, ಈಗ ಅದು ಅವರದು. "ಪಾವತಿ" ಎಂದು ಬರೆದಿದ್ದ ಕಿಂಡಿ ಹಾಗೇ ಇದೆ, ಅದರ ಹಿಂದೆ ಈಗ ಯಾರೂ ಕೂರುವುದಿಲ್ಲ. ನನ್ನನ್ನು ಕೂರಿಸಿದ ಕುರ್ಚಿಯ ಒಂದು ಕಾಲು ಗಿಡ್ಡ. ಎದುರಿಗೆ ಕೂತ ಅಧಿಕಾರಿಗೆ ನಾನೂ ಅಮ್ಮನೂ ನಗುಮುಖದವರು ಎಂದು ಹೆಸರಿಟ್ಟಿದ್ದೇವೆ. ನಿಜಕ್ಕೂ ಒಳ್ಳೆಯ ನಡವಳಿಕೆ ಗುಬ್ಬಿ. ನನ್ನ ಅಂಕಣವನ್ನು ಅವರ ಹೆಂಡತಿ ಪ್ರತಿ ವಾರ ಕತ್ತರಿಸಿ ಇಟ್ಟುಕೊಳ್ಳುತ್ತಾರಂತೆ. ಕುದುರೆಯಾಳು ಎಂದದ್ದಕ್ಕೆ ಕ್ಷಮೆ ಕೇಳಲು ನಾನು ಬಾಯಿ ತೆರೆದರೆ, ಅದೇನೂ ಪರವಾಗಿಲ್ಲ ಎಂದು ಕೈಯಾಡಿಸಿಬಿಟ್ಟರು. ಮಾರ್ಷಲ್ ಸಾಹೇಬರಿಗೆ ಕುದುರೆಯೆಂದರೆ ಪ್ರಾಣವಂತೆ, ಓದಿ ನಕ್ಕರಂತೆ.

"ನಮ್ಮದು ಒಂದೇ ಪ್ರಶ್ನೆ ಸಾರ್. ಶನಿವಾರ ಸಂಜೆವರೆಗೂ ಮಂತ್ರಿಗಳಿಗೇ ಈ ವಿಷಯ ಗೊತ್ತಿರ್ಲಿಲ್ಲ. ನೀವು ಗುರುವಾರವೇ ಅಚ್ಚು ಹಾಕಿಸಿದ್ದೀರಿ."

ಕಾಕತಾಳೀಯ ಎಂದೆ. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲ ಎಂದು ಆ ಪದದ ಕಥೆಯನ್ನೂ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಕಾಗೆ ಯಾವ ಮನೆ ಮೇಲೆ ಕೂತಿತ್ತು ಅಂತ ಹೇಳಿ ಸಾರ್, ಸಾಕು."

ಆಮೇಲೆ ಅವರೇ ವಿವರಿಸಿದರು, ಪಾಠ ಹೇಳುವವರ ತಾಳ್ಮೆಯಲ್ಲಿ. ಇವತ್ತು ಪದವಿಯ ಸುದ್ದಿ ಸೋರಿದರೆ ನಾಳೆ ಮಾರ್ಷಲ್ ಸಾಹೇಬರ ಕಾರು ಯಾವ ರಸ್ತೆಯಲ್ಲಿ ಹೋಗುತ್ತದೆಂಬುದೂ ಸೋರಬಹುದು. ಮೊದಲೇ ಗೊತ್ತಿದ್ದವರು ಮೂವರು: ಆದೇಶ ಬರೆದವರು, ಮಾರ್ಷಲ್ ಕೈಯಲ್ಲಿ ಹಿಡಿಯುವ ಬೆಳ್ಳಿಯ ದಂಡ ಮಾಡಿದ ಅಕ್ಕಸಾಲಿ, ಮತ್ತು ಕಸೂತಿಯವನು. ಕಸೂತಿಯವನು ಎನ್ನುವಾಗ ನನ್ನತ್ತ ನೋಡಲೇ ಇಲ್ಲ, ತಮ್ಮ ಟೀಗೆ ಸಕ್ಕರೆ ಕಲಕುತ್ತಿದ್ದರು. ಆ ಪದ ನನಗೆ ತಾನಾಗಿ ಹೊಳೆಯಿತು ಎಂದೆ. ಹೊಳೆಯುವಾಗ ಏನು ಮಾಡುತ್ತಿದ್ದಿರಿ ಎಂದರು. ಊಟ ಎಂದೆ. ಜೊತೆಯಲ್ಲಿ ಯಾರಿದ್ದರು ಎಂದರು. ಹಸಿವು ಎಂದೆ. ಮನಸಾರೆ ನಕ್ಕು ಅದನ್ನು ಬರೆದುಕೊಂಡರು. ನನ್ನ ಹಾಸ್ಯಕ್ಕೆ ಅಷ್ಟು ಶ್ರದ್ಧೆಯಿಂದ ನಕ್ಕವರು ಬೇರೆ ಯಾರೂ ಇಲ್ಲ, ಅಷ್ಟು ಚಳಿ ಹತ್ತಿಸಿದವರೂ ಇಲ್ಲ.

ಹೊರಡುವಾಗ ಬಾಗಿಲವರೆಗೂ ಬಂದರು.

"ನಲ್ಲಿ ಈಗ ಸರಿಯಾಗಿದೆಯಾ ಸಾರ್?"

ಅಮ್ಮ ಯಾಕೆ ಸಂಭ್ರಮಪಡುತ್ತಿಲ್ಲವೆಂದು ಈಗ ಗೊತ್ತಾಯಿತಲ್ಲ. ಅವಳು ಬೇಕೆಂದೇ ನಲ್ಲಿಯನ್ನು ಸ್ವಲ್ಪ ತಿರುಗಿಸಿ ತೊಟ್ಟಿಕ್ಕಲು ಬಿಡುತ್ತಾಳೆ. ಮನೆ ಸುಮ್ಮನಿದ್ದರೆ ಯಾರೋ ಕೇಳಿಸಿಕೊಳ್ಳುತ್ತಿರುವ ಹಾಗಾಗುತ್ತದಂತೆ.

ಬುಧವಾರ ಮತ್ತೆ ಹೋದೆ. ಈ ಸಲ ಪ್ರಶ್ನೆಗಳಿರಲಿಲ್ಲ. ನಾಳೆ ಬೆಳಿಗ್ಗೆ ಬರುವಾಗ ಒಂದು ಹೆಸರು ತನ್ನಿ ಎಂದರು, ಸಂತೆಯಿಂದ ಬರುವಾಗ ಒಂದು ಕಟ್ಟು ಸೊಪ್ಪು ತನ್ನಿ ಎಂಬಂತೆ. ತರದಿದ್ದರೆ ಮನೆಯವರನ್ನು ಕರೆಸಿ ಕೇಳಬೇಕಾಗುತ್ತದೆ, ಹೆಂಗಸರನ್ನು ಕಾಯಿಸಲು ಇಲ್ಲಿ ಸರಿಯಾದ ಕೋಣೆಯೂ ಇಲ್ಲ, ಎಂದು ಬೇಸರಪಟ್ಟುಕೊಂಡರು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಒಂದೇ ಸಮನೆ ಮಾತಾಡಿದೆ. ಹೆದರಿದಾಗ ನನಗೆ ಬರುವುದು ಅದೊಂದೇ. ಅಮ್ಮ ಎರಡು ಸಲ ಬಡಿಸಿದ್ದನ್ನೇ ಬಡಿಸಿದಳು. ಆಗ ಅವನು ಕೇಳಿದ.

"ನಾಳೆ ಏನು ಹೇಳ್ತೀರಿ ಮಾವ?"

"ಕನಸಲ್ಲಿ ಒಂದು ಕುದುರೆ ಬಂದು ಹೇಳ್ತು ಅಂತೀನಿ. ಬೇಕಾದ್ರೆ ಅದನ್ನ ಹಿಡ್ಕೊಳ್ಳಲಿ."

ಅವನು ನಕ್ಕ. ನಿನಗೆ ಗೊತ್ತಲ್ಲ ಆ ನಗು, ಸದ್ದೇ ಇಲ್ಲದೆ ಹೆಗಲೆರಡೂ ಅಲ್ಲಾಡುವುದು. ಹೊತ್ತಾಯಿತೆಂದು ಅಮ್ಮ ಅವನಿಗೆ ಇಲ್ಲೇ ಹಾಸಿಕೊಟ್ಟಳು. ಮಲಗುವ ಮುಂಚೆ ಇಬ್ಬರೂ ಕನ್ನಡಕ ತೆಗೆದು ಎಂದಿನಂತೆ ಕಿಟಕಿಯ ಕಟ್ಟೆಯ ಮೇಲಿಟ್ಟೆವು.

ಗುರುವಾರ ನಾನು ಹೋದಾಗ ನಗುಮುಖದವರು ಹೆಸರನ್ನು ಕೇಳಲೇ ಇಲ್ಲ. ಟೀ ತರಿಸಿದರು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಕನ್ನಡಕ ಬದಲಾಗಿದೆಯಲ್ಲ ಸಾರ್. ಬರೆಯೋದಕ್ಕೆ ಕಷ್ಟ ಆಗತ್ತೆ."

ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಎಂದರು. ನಾನು ಕುದುರೆಯ ಕನಸನ್ನು ಬಾಯಲ್ಲಿ ಇಟ್ಟುಕೊಂಡೇ ವಾಪಸು ಬಂದೆ. ಸಂಪಾದಕರೂ ವಿಶ್ರಾಂತಿಯ ಪರವಾಗಿಯೇ ಇದ್ದಾರೆ. ನಿನ್ನೆ ನನ್ನ ಅಂಕಣದ ಜಾಗದಲ್ಲಿ ಪದಬಂಧ ಬಂದಿತ್ತು. ಪುರವಣಿ ಇನ್ನು ಮೇಲೆ ಶನಿವಾರವೇ ಅಚ್ಚಾಗಬೇಕಂತೆ, ಅದೂ ಒಬ್ಬರು ಬಂದು ನೋಡಿದ ಮೇಲೆ. ಯಂತ್ರಕ್ಕೆ ಹೇಗೋ ಶಕ್ತಿ ಬಂದಿದೆ. ಹೀಗಾಗಿ ನಿನ್ನ ಅಪ್ಪ ಕ್ಷೇಮ, ಉಗುರಿಗೂ ನೋವಾಗಿಲ್ಲ.

ಅಲ್ಲಿ ಹೊತ್ತು ಹೊತ್ತಿಗೆ ಊಟ ಮಾಡು. ದೊಡ್ಡ ಡಾಕ್ಟರು ಬೈದರೆ ನಿನ್ನ ಗಂಡನ ಉಪಾಯ ಮಾಡು, ತಲೆ ತಗ್ಗಿಸಿ ಮುಂದಿನ ಹೊಲಿಗೆ ಹಾಕು. ನಿನ್ನ ಕೈ ಯಾವತ್ತೂ ನಡುಗದಿರಲಿ, ನಿನ್ನ ಕೈಯಲ್ಲಿ ಹೊಲಿಸಿಕೊಂಡವರೆಲ್ಲ ಎದ್ದು ನಡೆದು ಮನೆ ಸೇರಲಿ. ನಾನೂ ಅಮ್ಮನೂ ಹರಸುವುದು ಇಷ್ಟನ್ನೇ.

ನಿನ್ನ
ಅಪ್ಪ

ಮರೆತ ಮಾತು: ಮರೆತಿಲ್ಲ ಗುಬ್ಬಿ, ಬರೆಯಲಾಗದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಗುರುವಾರ ನಾನು ಏಳುವ ಮುಂಚೆ ಅವನು ಎದ್ದಿದ್ದ. "ಕೆಲಸ ಅರ್ಧಕ್ಕೆ ನಿಂತಿದೆ ಅತ್ತೆ, ಹೋಗ್ತೀನಿ" ಎಂದನಂತೆ. ಅಮ್ಮ ಹೊಲಿಗೆ ಶಾಲೆಗೆಂದುಕೊಂಡಳು. ಅವನು ನೇರ ವಿಮಾ ಕಚೇರಿಗೆ ಹೋಗಿ, "ಕೇಳಿದವನು ನಾನು. ಮಾವನವರಿಗೆ ಏನೂ ಗೊತ್ತಿರಲಿಲ್ಲ" ಎಂದು ಹೇಳಿ ಕೂತನಂತೆ. ಅಲ್ಲಿಂದ ಹೊರಗೆ ಬಂದಿಲ್ಲ. ಇದನ್ನು ನನಗೆ ಹೇಳಿದವರು ನಗುಮುಖದವರೇ, ಗುರುವಾರ, ನನ್ನ ಟೀ ಮುಗಿದ ಮೇಲೆ. ನಾನು ವರ್ಷಗಟ್ಟಲೆ ಬರೆದದ್ದಕ್ಕಿಂತ ಆ ಎರಡು ವಾಕ್ಯ ಚೆನ್ನಾಗಿವೆ ಎಂದೂ ಹೇಳಿದರು. ಕತ್ತಲಲ್ಲಿ ಕಟ್ಟೆಯ ಮೇಲೆ ಅವನ ಕೈಗೆ ಸಿಕ್ಕದ್ದು ನನ್ನ ಕನ್ನಡಕ.

ಮಾರ್ಷಲ್ ಸಾಹೇಬರ ಭುಜಪಟ್ಟಿಯಲ್ಲಿ ಎಡ ಹೆಗಲು ಮುಗಿದಿದೆ, ಬಲ ಹೆಗಲು ಬಾಕಿ. ಚೌಕಟ್ಟನ್ನು ಅಲ್ಲಿಗೇ ತರಿಸಿ ಒಳಗಿನ ಕೋಣೆಯಲ್ಲಿ ಕೂರಿಸಿದ್ದಾರೆ. ಬಲ ಹೆಗಲು ಬಾಕಿ ಇರುವವರೆಗೆ ನಮ್ಮ ಹುಡುಗ ಅವರಿಗೆ ಬೇಕು. ಆದರೆ ನನ್ನ ಕನ್ನಡಕದಲ್ಲಿ ಅವನಿಗೆ ಸೂಜಿಯ ಕಣ್ಣೂ ಕಾಣುವುದಿಲ್ಲ. ನಿನ್ನೆ ಬೇರೊಬ್ಬ ಕಸೂತಿಯವನನ್ನು ಒಳಗೆ ಕರೆದುಕೊಂಡು ಹೋದದ್ದನ್ನು ಅಮ್ಮ ಗೇಟಿನ ಎದುರು ನಿಂತು ನೋಡಿದ್ದಾಳೆ. ಈ ಕನ್ನಡಕ ಬೇಗ ಅವನ ಮೂಗಿನ ಮೇಲೆ ಕೂರಬೇಕು. ಕೂತ ಮೇಲೆ ನಿಧಾನವಾಗಿ ಹೊಲಿಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀನು ಬರಬೇಡ. ಕೇಳಿಕೊಂಡು ಹೋದವರನ್ನೂ ಕೂರಿಸಿಕೊಳ್ಳುತ್ತಿದ್ದಾರೆ. ನಿನ್ನಿಂದ ಆಗಬೇಕಾದ್ದು ಸಣ್ಣ ಕೆಲಸ. ಮದುವೆಯಾದವರಿಗೆ ಏನು ಒಳಗೆ ಕೊಡಬೇಕಾದರೂ ಹೆಂಡತಿಯ ಸಹಿ ಬೇಕು, ಮಾವನ ಸಹಿ ನಡೆಯುವುದಿಲ್ಲ ಎನ್ನುತ್ತಾನೆ ಗೇಟಿನವನು. "ನನ್ನ ಗಂಡನಿಗೆ ಈ ಕನ್ನಡಕ ಕೊಡಿ" ಎಂದಷ್ಟೇ ಒಂದು ಚೀಟಿಯಲ್ಲಿ ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕು. ಲಾರಿ ಮಾವ ಆಸ್ಪತ್ರೆಯ ಎದುರು ಟೀ ಕುಡಿದು ಏಳುವಷ್ಟರಲ್ಲಿ ಅವನ ಕೈಗೆ ಕೊಟ್ಟುಬಿಡು. ಬಾಲ್ ಪೆನ್ನಿನಲ್ಲೇ ಬರೆ, ಶಾಯಿಯಾದರೆ ಒಂದು ಹನಿ ಬಿದ್ದರೂ ಕಲೆಸಿಹೋಗುತ್ತದೆ.